ಕಾಲು ತಾಗಿದಾಗ

ಇದರಲ್ಲಿ ಕೆಲವು ಸಂಗತಿಗಳು ನಾನು ಹೇಳುವ ಹಾಗೆಯೇ ನಡೆದಿರಲಿಕ್ಕಿಲ್ಲ. ಶಾಲೆಯ ಸಭಾಂಗಣದ ಪರದೆ ಹಸಿರಾಗಿತ್ತು ಅಂತ ನನಗೆ ಖಾತ್ರಿ. ವಾರ್ಷಿಕೋತ್ಸವಕ್ಕೆ ಒಮ್ಮೆ ಬಂದಿದ್ದ ಅತ್ತಿಗೆ ಅದು ಕಂದು ಬಣ್ಣದ್ದು ಅನ್ನುತ್ತಾರೆ. ಆ ವರ್ಷಗಳಲ್ಲಿ ನಾನು ದಿನಚರಿ ಬರೆಯುತ್ತಿದ್ದೆ. ಈಗ ತೆಗೆದು ನೋಡಿದರೆ ಅದರ ತುಂಬ ಮಳೆ, ನೆಗಡಿ, ತಿದ್ದದೆ ಉಳಿದ ಉತ್ತರಪತ್ರಿಕೆಗಳು. ಬೆಳಿಗ್ಗೆ ಬೆಳಿಗ್ಗೆ ಎದ್ದು ಹೋಗಿ ಒಬ್ಬ ಪೋಲಿಷ್ ಹೆಂಗಸಿನ ಕೈಯಲ್ಲಿ ನೆಲಕ್ಕೆ ಬೀಳುತ್ತಿದ್ದ ವಿಷಯವೆಲ್ಲ ‘ಅಭ್ಯಾಸ’ ಎಂಬ ಒಂದೇ ಪದದಲ್ಲಿ ಮುಗಿದಿದೆ. ಬರೆಯಲು ಪುರುಸೊತ್ತಿರಲಿಲ್ಲವೋ, ಬರೆಯಬೇಕಾದ್ದು ಅದೇ ಅಂತ ಗೊತ್ತಾಗಿರಲಿಲ್ಲವೋ. ಹಾಗಾಗಿ ನೆನಪನ್ನು ನಂಬಿಕೊಂಡು ಬರೆಯುತ್ತಿದ್ದೇನೆ, ಪೂರ್ತಿ ನಂಬದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಒಂದೆರಡು ವರ್ಷ ಅಲ್ಲಿ ಇಲ್ಲಿ ಪಾಠ ಮಾಡಿ, ನಾನು ನೈರೋಬಿಯಲ್ಲಿದ್ದ ಅಣ್ಣನ ಮನೆಗೆ ಬಂದಿದ್ದೆ. ಅಣ್ಣ ಮೂಳೆ ಡಾಕ್ಟರು; ಮನೆ ಲ್ಯಾವಿಂಗ್ಟನ್‌ನಲ್ಲಿ. ಅಲ್ಲಿಂದ ನಡೆದೇ ಹೋಗಬಹುದಾದ ಒಂದು ಖಾಸಗಿ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ನಾನು ಸೇರಿದ ಮುಂದಿನ ಅವಧಿಗೆ ವ್ಯಾಯಾಮದ ಟೀಚರಾಗಿ ಅವಳು ಬಂದಳು. ಗಂಡ ಯಾವುದೋ ನೀರಿನ ಯೋಜನೆಯಲ್ಲಿ ಎಂಜಿನಿಯರ್ ಅಂತ ಗೊತ್ತಿತ್ತು. ಪೋಲೆಂಡಿನ ಪರವಾಗಿ ಜೂಡೋ ಆಡಿದವಳು ಅಂತ ಮಕ್ಕಳು ಹೇಳುತ್ತಿದ್ದರು. ಅವಳಾಗಿ ಏನೂ ಹೇಳಿಕೊಂಡಿರಲಿಲ್ಲ. ಅಗಲವಾದ ಭುಜ, ಕತ್ತಿಗೆ ಸಮನಾಗಿ ಕತ್ತರಿಸಿದ ಕೂದಲು. ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕ ನಿಂತೇ ಚಹಾ ಕುಡಿಯುತ್ತಿದ್ದಳು.

ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು ಮಾತ್ರ ಸರಿಯಾಗಿ ನೆನಪಿದೆ. ನನ್ನ ತೂಕ ಎಷ್ಟು ಅಂತ ಕೇಳಿದಳು.

ನನಗೆ ಕೋಪ ಬಂತು. ಗೊತ್ತಿಲ್ಲ ಅಂದೆ. ಅವಳು ನನ್ನನ್ನು ಶಾಲೆಯ ನರ್ಸಿನ ಕೋಣೆಗೆ ಕರೆದುಕೊಂಡು ಹೋಗಿ ತಕ್ಕಡಿಯ ಮೇಲೆ ನಿಲ್ಲಿಸಿದಳು. ನಾನು ಯಾಕೆ ಹೋದೆ ಅಂತ ಈಗಲೂ ಗೊತ್ತಿಲ್ಲ. ಆಮೇಲೆ ತಾನು ಹತ್ತಿ ನಿಂತಳು. ಮುಳ್ಳು ಹೆಚ್ಚುಕಮ್ಮಿ ಅಲ್ಲೇ ಬಂದು ನಿಂತಿತು. ಅವಳು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ.

ತಕ್ಕಡಿಯಿಂದ ಇಳಿಯದೆಯೇ ವಿಷಯ ಹೇಳಿದಳು. ಬರುವ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಜೂಡೋಗೆ, ಹೋದ ಸಲದ ಹಾಗೆ ಬರೀ ಪ್ರದರ್ಶನ ಅಲ್ಲದೆ, ಮೊದಲ ಸಲ ನಿಜವಾದ ಪದಕ ಇಟ್ಟಿದ್ದಾರೆ. ಅವಳು ಆಡುತ್ತಿದ್ದದ್ದು ಐವತ್ತಾರು ಕಿಲೋ ವಿಭಾಗದಲ್ಲಿ. ಎಡ ಮೊಣಕಾಲಿನ ಆಪರೇಷನ್ ಆದ ಮೇಲೆ ಎಲ್ಲ ಬಿಟ್ಟು, ಮದುವೆಯಾಗಿ, ಇಲ್ಲಿಗೆ ಬಂದಿದ್ದಳು. ಈಗ ಅವಳ ದೇಶದವರು, ವಸಂತದಲ್ಲಿ ಆಯ್ಕೆಯ ಪಂದ್ಯಗಳಿವೆ, ಬಂದು ಆಡಿ ಗೆದ್ದರೆ ಯುರೋಪಿನ ಚಾಂಪಿಯನ್‌ಶಿಪ್‌ಗೆ ಕಳಿಸುತ್ತೇವೆ ಅಂದಿದ್ದರು. ಈ ಸಲ ಹೋಗದಿದ್ದರೆ ಇನ್ನು ವಯಸ್ಸು ಉಳಿಯುವುದಿಲ್ಲ. ಅಭ್ಯಾಸಕ್ಕೆ ತನ್ನಷ್ಟೇ ತೂಕದ ಹೆಂಗಸು ಬೇಕು. ಪೇಟೆಯ ಕ್ಲಬ್ಬಿನಲ್ಲಿ ಇರುವವರೆಲ್ಲ ಗಂಡಸರು.

“ಅವರು ಒಂದೋ ನನ್ನನ್ನ ಗಾಜಿನ ಲೋಟದ ಹಾಗೆ ಹಿಡೀತಾರೆ, ಇಲ್ಲಾ ಹೆಂಗಸಿನ ಕೈಲಿ ಬೀಳಬಾರದು ಅಂತ ಹಟಕ್ಕೆ ನಿಲ್ತಾರೆ,” ಅಂದಳು. “ಎರಡರಿಂದಲೂ ನನಗೆ ಉಪಯೋಗ ಇಲ್ಲ.”

ನಾನು ಶಾಲೆಯಲ್ಲಿದ್ದಾಗ ಓಟದ ಪಂದ್ಯಕ್ಕೂ ಹೆಸರು ಕೊಟ್ಟವಳಲ್ಲ. ಆದರೂ ಒಪ್ಪಿದೆ. ನನ್ನ ತೂಕ ಒಬ್ಬರ ಉಪಯೋಗಕ್ಕೆ ಬರಬಹುದು ಅಂತ ಯಾರೂ ಅದುವರೆಗೆ ಹೇಳಿರಲಿಲ್ಲ. ಕಾರಣ ಇಷ್ಟೇ ಆಗಿತ್ತೋ, ಈಗ ಕೂತು ಕಾರಣ ಹುಡುಕುತ್ತಿದ್ದೇನೋ.

ಶಾಲೆ ಶುರುವಾಗುವ ಮುಂಚೆ, ಬೆಳಿಗ್ಗೆ ಆರಕ್ಕೆ, ಸಭಾಂಗಣದಲ್ಲಿ ಸೇರುತ್ತಿದ್ದೆವು. ಕುರ್ಚಿಗಳನ್ನು ಗೋಡೆಗೆ ಒತ್ತಿ, ವ್ಯಾಯಾಮದ ಮ್ಯಾಟುಗಳನ್ನು ಜೋಡಿಸಿ, ಅವು ಜಾರದಂತೆ ಮೇಲೊಂದು ಟಾರ್ಪಾಲು ಬಿಗಿದು ಕಟ್ಟುತ್ತಿದ್ದೆವು. ನೆಲಕ್ಕೆ ಬಳಿದ ಕೆಂಪು ಪಾಲಿಶಿನ ವಾಸನೆ. ಅಲ್ಲಿ ಜುಲೈ ಅಂದರೆ ಚಳಿಗಾಲ; ಬರಿಗಾಲು ಮರಗಟ್ಟುತ್ತಿತ್ತು. ಅವಳು ತನ್ನ ಹಳೆಯ ದಪ್ಪ ಬಿಳಿ ಜೂಡೋ ಅಂಗಿಯೊಂದನ್ನು ನನಗೆ ಕೊಟ್ಟಳು. ಕೊರಳಪಟ್ಟಿಗೆ ಎರಡು ಸಲ ತೇಪೆ ಹಾಕಿತ್ತು.

ಮೊದಲ ಕೆಲವು ವಾರ ಬರೀ ಬೀಳುವುದು. ಗದ್ದ ಎದೆಗೆ ಒತ್ತಿ, ಬೆನ್ನು ನೆಲಕ್ಕೆ ತಾಗುವ ಹೊತ್ತಿಗೆ ಅಂಗೈಯಿಂದ ಮ್ಯಾಟನ್ನು ಜೋರಾಗಿ ಬಡಿಯಬೇಕು. ಏಟು ತೋಳಿಗೆ ಹರಿದು ತಲೆ ಉಳಿಯುತ್ತದೆ. ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು, ಮುಂದಕ್ಕೆ ಉರುಳು. ಮನೆಗೆ ಬಂದು ಸೀರೆ ಉಡುವಾಗ ಸೊಂಟದ ಮೇಲೆ ನೇರಳೆ ಗುರುತು ಕಾಣುತ್ತಿತ್ತು.

ಅತ್ತಿಗೆ ನೋಡಿಬಿಟ್ಟರು. “ಪಾಠ ಹೇಳೋಕೆ ಹೋಗ್ತೀಯೋ ಏಟು ತಿನ್ನೋಕೆ ಹೋಗ್ತೀಯೋ? ನಾಳೆ ಗಂಡಿನ ಕಡೆಯೋರು ಹುಡುಗಿಗೆ ಏನ್ ಬರುತ್ತೆ ಅಂತ ಕೇಳಿದ್ರೆ, ಬೀಳೋದ್ರಲ್ಲಿ ಎಕ್ಸ್‌ಪರ್ಟು ಅನ್ಲಾ?”

“ಹಾಗೇ ಅನ್ನಿ ಅತ್ತಿಗೆ. ಹೆದರಿ ಓಡಿಹೋದ್ರೆ ಒಳ್ಳೇದೇ ಆಯ್ತು,” ಅಂದೆ.

ಅಣ್ಣ ಪೇಪರಿನಿಂದ ತಲೆ ಎತ್ತಿ ನನ್ನ ಮೊಣಕೈ ಹಿಡಿದು ಮಡಚಿ ಬಿಡಿಸಿ ನೋಡಿದ. ಮೂಳೆಗೆ ಏನೂ ಆಗಿಲ್ಲ ಅಂದು ಮತ್ತೆ ಓದತೊಡಗಿದ. ಅಣ್ಣ ಯಾವಾಗಲೂ ಅಷ್ಟೇ. ಕೇಳಿದ್ದಕ್ಕಿಂತ ಒಂದು ಪದ ಹೆಚ್ಚು ಆಡಿದವನಲ್ಲ.

ಅಭ್ಯಾಸಕ್ಕೆ ಮುಂಚೆ ಅವಳು ಬೆರಳುಗಳ ಗೆಣ್ಣಿಗೆ ಒಂದೊಂದಾಗಿ ಬಿಳಿ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಅಂಗಿ ಹಿಡಿದು ಹಿಡಿದು ಅವು ಸೊಟ್ಟಗಾಗಿದ್ದವು. ಅವಳ ಕತೆ ನನಗೆ ಗೊತ್ತಾದದ್ದು ಆ ಹೊತ್ತಿನಲ್ಲಿ, ದಿನಕ್ಕೆ ಒಂದು ಬೆರಳಿನಷ್ಟು. ಊರು ಕಲ್ಲಿದ್ದಲ ಗಣಿಗಳ ಸೀಮೆಯದು. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದ್ದರಿಂದ ಅವಳ ಅಣ್ಣ ಜೂಡೋಗೆ ಹೋಗುವಾಗ ಇವಳನ್ನೂ ಎಳೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸುತ್ತಿದ್ದ. ಒಂದು ದಿನ ಹುಡುಗನೊಬ್ಬನಿಗೆ ಜೊತೆ ಸಿಗದೆ ಇವಳನ್ನು ಎಬ್ಬಿಸಿದರು. ಬಹಳ ಕಾಲ ಹುಡುಗರ ಜೊತೆಗೇ ಆಡಿದಳು. ಹೆಂಗಸರಿಗೆ ಅಂತ ಬೇರೆ ಪಂದ್ಯಗಳು ಅವಳ ಕಣ್ಣೆದುರೇ ಹುಟ್ಟಿದವು. ಮೊದಲ ಸಲ ಹೊರದೇಶಕ್ಕೆ ಹೋಗಬೇಕಾದ ವರ್ಷ ದೇಶದಲ್ಲಿ ಸೈನ್ಯ ಬೀದಿಗೆ ಬಂದು, ಯಾರನ್ನೂ ಹೊರಗೆ ಬಿಡದೆ, ಒಂದಿಡೀ ಹಂಗಾಮು ಹೋಯಿತು. ಆಮೇಲಿನ ವರ್ಷಗಳಲ್ಲಿ ಬಸ್ಸಿನಲ್ಲಿ ಗಡಿ ದಾಟಿ ಹೋಗುತ್ತಿದ್ದರಂತೆ, ಮನೆಯಿಂದ ಬೇಯಿಸಿದ ಮೊಟ್ಟೆ, ಬ್ರೆಡ್ಡು, ಬಾಟಲಿಯಲ್ಲಿ ಸೂಪು ಕಟ್ಟಿಕೊಂಡು. ತೂಕ ಇಳಿಸಬೇಕಾದವರು ಇಡೀ ದಾರಿ ಅದರ ವಾಸನೆ ಮಾತ್ರ ಕುಡಿಯಬೇಕು.

ಯುರೋಪಿನಲ್ಲಿ ಎರಡು ಸಲ ಮೂರನೆಯ ಸ್ಥಾನ ಬಂದಿದ್ದಳು. ಒಂದು ಸಲ ಇರಬಹುದು. ಇನ್ನೊಂದು ತಂಡದ ಪದಕ ಅಂದಿದ್ದಳೋ ಏನೋ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯ ಪಂದ್ಯಕ್ಕೇ ಸೋತದ್ದನ್ನು ಮಾತ್ರ ಹೇಗೆ ಹಿಡಿದರು, ಹೇಗೆ ತಿರುಗಿದರು ಅಂತ ನನ್ನನ್ನೇ ಹಿಡಿದು ತೋರಿಸಿದಳು. ಗೆದ್ದವುಗಳನ್ನು ಹೀಗೆ ತೋರಿಸಿದ ನೆನಪಿಲ್ಲ.

ನಾನು ಬೀಳಲು ಕಲಿತ ಮೇಲೆ, ಸುಮ್ಮನೆ ಬಿದ್ದರೆ ಸಾಲದು, ಆಕ್ರಮಣ ಮಾಡಬೇಕು ಅಂದಳು. ಕಾಲು ಬೀಸುವ ಪಟ್ಟು ಹೇಳಿಕೊಟ್ಟಳು. ಎದುರಾಳಿ ಎತ್ತಿದ ಹೆಜ್ಜೆಯನ್ನು ಇನ್ನೂ ಊರದ ಗಳಿಗೆಯಲ್ಲಿ, ಅಂಗಾಲಿನಿಂದ ಅವಳ ಪಾದವನ್ನು ಕಸ ಗುಡಿಸಿದ ಹಾಗೆ ಪಕ್ಕಕ್ಕೆ ತಳ್ಳಬೇಕು. ಅದೇ ಹೊತ್ತಿಗೆ ಕೈ ಅವಳ ತೋಳನ್ನು ಕೆಳಕ್ಕೆ ಎಳೆಯಬೇಕು. ನನಗೆ ಅರ್ಥವಾಯಿತು. ಕಾಲು ಬೀಸಿದೆ. ನನ್ನ ಅಂಗಾಲು ಅವಳ ಹಿಮ್ಮಡಿಗೆ ತಾಗಿತು. ತಾಗಿದ್ದೇ ತಡ ನನ್ನ ಬಲಗೈ ಅವಳ ಕೊರಳಪಟ್ಟಿ ಬಿಟ್ಟು, ಅವಳ ತೋಳು ಮುಟ್ಟಿ, ನನ್ನ ಕಣ್ಣಿಗೆ ಬಂತು. ಅಷ್ಟರಲ್ಲಿ ನಾನು ನೆಲದ ಮೇಲಿದ್ದೆ.

ಮತ್ತೆ ಮಾಡಿದೆ. ಮತ್ತೆ ಕೈ ಕಣ್ಣಿಗೆ ಹೋಯಿತು.

ಕಣ್ಣಿಗೆ ಲೆನ್ಸ್ ಹಾಕಿಕೊಂಡಿದ್ದೇನೆ ಅಂತ ಅವಳು ಮೊದಲು ತಿಳಿದಳು. ಆಮೇಲೆ ಇದೇನೋ ಮೋಸದ ಪಟ್ಟು ಇರಬೇಕು ಅಂದುಕೊಂಡಳಂತೆ. ನನಗೆ ನಾಚಿಕೆಯಾಗಿ ವಿವರಿಸಿದೆ. ನಮ್ಮಲ್ಲಿ ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಪುಸ್ತಕಕ್ಕೆ ತಾಗಿದರೂ ಅಷ್ಟೇ. ಬಸ್ಸಿನಲ್ಲಿ ಗುರುತಿಲ್ಲದವರಿಗೆ ತಾಗಿದರೂ ಕೈ ತಾನಾಗಿ ಹೋಗುತ್ತದೆ. ಮಾತು ಬರುವ ಮುಂಚೆಯೇ ಅಮ್ಮ ಕಲಿಸಿದ್ದು.

ಅವಳು ನಗಲಿಲ್ಲ. “ಅವರಿಗೆ ನೋವಾಗದೆ ಇದ್ದರೂ?” ಅಂತ ಕೇಳಿದಳು.

“ನೋವಿಗೂ ಇದಕ್ಕೂ ಸಂಬಂಧ ಇಲ್ಲ,” ಅಂದೆ.

“ಆಗ ಅವರು ಏನಂತಾರೆ?”

“ಪರವಾಗಿಲ್ಲ ಅಂತಾರೆ.”

ಆ ಪದವನ್ನು ಎರಡು ಮೂರು ಸಲ ಹೇಳಿಸಿಕೊಂಡಳು. ಮಾರನೆಯ ದಿನವೋ ಆ ವಾರದಲ್ಲೋ ಒಂದು ಉಪಾಯ ತಂದಳು. ಜೂಡೋದಲ್ಲಿ ಶುರುವಿಗೆ ಇಬ್ಬರೂ ಬಾಗಿ ವಂದಿಸುತ್ತಾರೆ; ಇನ್ನು ಮುಂದೆ ನಡೆಯುವುದಕ್ಕೆಲ್ಲ ಒಪ್ಪಿಗೆ ಅದು. ನೀನೂ ನಿನ್ನದನ್ನು ಅಲ್ಲೇ ಮುಗಿಸಿಬಿಡು ಅಂದಳು. ಹಾಗಾಗಿ ವಂದನೆ ಆದ ಮೇಲೆ ನಾನು ಅವಳ ತೋಳು ಮುಟ್ಟಿ ಒಂದು ಸಲ ಕಣ್ಣಿಗೊತ್ತಿಕೊಳ್ಳುತ್ತಿದ್ದೆ, ಆ ಬೆಳಗಿನ ಅಷ್ಟೂ ತಾಗುವಿಕೆಗೆ ಸೇರಿಸಿ. ಅವಳು ಅಲುಗದೆ ನಿಂತು, ತನ್ನ ಊರಿನ ಉಚ್ಚಾರಣೆಯಲ್ಲಿ, ಪರವಾಗಿಲ್ಲ ಅನ್ನುತ್ತಿದ್ದಳು. ಆಮೇಲೆ ಶುರು.

ಒಂದೇ ದಿನಕ್ಕೆ ಸರಿಹೋಗಲಿಲ್ಲ. ವಾರಗಟ್ಟಲೆ ನನ್ನ ಕೈ ಅರ್ಧ ದಾರಿಗೆ ಹೋಗಿ ವಾಪಸು ಬರುತ್ತಿತ್ತು. ಆದರೆ ಒಂದು ಬೆಳಿಗ್ಗೆ ಕಾಲು ಬೀಸಿದೆ, ಕೈ ಕೊರಳಪಟ್ಟಿಯಲ್ಲೇ ಇತ್ತು, ಅವಳು ನೆಲಕ್ಕೆ ಬಿದ್ದು ಮ್ಯಾಟು ಬಡಿದಳು. ನನಗಿಂತ ಅವಳಿಗೇ ಖುಷಿ. ಆ ದಿನ ತರಗತಿಯಲ್ಲಿ ನಾನು ಏನು ಪಾಠ ಮಾಡಿದೆನೋ ದೇವರೇ ಬಲ್ಲ.

ಆಮೇಲೆ ಅವಳೇ ಇನ್ನೊಂದನ್ನು ಪತ್ತೆಹಚ್ಚಿದಳು. ನಾನು ಬೀಸುತ್ತಿದ್ದದ್ದು ಯಾವಾಗಲೂ ಅವಳ ಬಲಗಾಲಿಗೆ. ಎಡ ಮೊಣಕಾಲಿನ ಮೇಲೆ ಆಪರೇಷನ್ನಿನ ಉದ್ದ ಗಾಯದ ಗುರುತಿತ್ತು. ಅದನ್ನು ನೋಡಿದ ಮೇಲೆ ನನ್ನ ಕಾಲು ಆ ಕಡೆಗೆ ಏಳುತ್ತಲೇ ಇರಲಿಲ್ಲ.

“ಅಲ್ಲಿನ ಹುಡುಗಿಯರಿಗೆ ನಿಮ್ಮಮ್ಮ ಏನೂ ಕಲಿಸಿಲ್ಲ,” ಅಂದಳು. “ಮೊದಲ ನಿಮಿಷದಲ್ಲೇ ಎಡಗಾಲಿಗೆ ಬರ್ತಾರೆ. ಈ ಕಾಲು ನಿಲ್ಲುತ್ತಾ ಇಲ್ವಾ ಅಂತ ನನಗೆ ಇಲ್ಲೇ ಗೊತ್ತಾಗಬೇಕು.”

ಹಾಗಾಗಿ ಎಡಗಾಲಿಗೆ ಬೀಸತೊಡಗಿದೆ. ಡಿಸೆಂಬರಿನವರೆಗೆ ಕಾಲು ನಿಂತಿತು. ಅವಳು ಸ್ಪ್ರಿಂಗ್ ವ್ಯಾಲಿಯ ಏರುಗಳಲ್ಲಿ ಓಡುತ್ತಿದ್ದಳು. ನೈರೋಬಿಯ ಈ ಎತ್ತರದ ಗಾಳಿಯಲ್ಲಿ ಓಡಿದವಳಿಗೆ ಕೆಳಗಿನ ಊರುಗಳಲ್ಲಿ ಉಸಿರು ಕಟ್ಟುವುದಿಲ್ಲ ಅಂತ ಲೆಕ್ಕ. ಹೊಸ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ನನ್ನ ಬೀಸು ತಪ್ಪಿಸಲು ಅವಳು ತಿರುಗಿದಾಗ, ದೇಹ ತಿರುಗಿತು, ಮೊಣಕಾಲು ಅಲ್ಲೇ ಉಳಿಯಿತು. ಕೂಗಲಿಲ್ಲ. ಕೂತು, ಎರಡೂ ಕೈಯಲ್ಲಿ ಮೊಣಕಾಲನ್ನು ಸುತ್ತಿ ಹಿಡಿದು, ಪರದೆಯ ಕಡೆ ನೋಡುತ್ತ ಇದ್ದಳು. ಮಾರನೆಯ ದಿನ ಅದು ಊದಿತ್ತು. ಹೊರಡಲು ಆರು ವಾರವೋ ಏಳು ವಾರವೋ ಉಳಿದಿತ್ತು. ಗಂಡನಿಗೆ ತಿಳಿದರೆ ಕಳಿಸುವುದಿಲ್ಲ; ಆಸ್ಪತ್ರೆಗೆ ಹೋದರೆ ಅವನಿಗೆ ತಿಳಿಯುತ್ತದೆ. ನಿನ್ನ ಅಣ್ಣ ನೋಡಬಹುದಾ ಅಂತ ಕೇಳಿದಳು.

ಶನಿವಾರ ಮಧ್ಯಾಹ್ನ ಮನೆಗೆ ಬಂದಳು. ಅಣ್ಣ ಅವಳನ್ನು ಮುಂದಿನ ಕೋಣೆಯ ದಿವಾನದ ಮೇಲೆ ಕೂರಿಸಿ, ಕಾಲನ್ನು ಮೊಣಕಾಲಿನ ಕೆಳಗೆ ಎರಡು ಕೈಯಲ್ಲಿ ಹಿಡಿದು ತನ್ನ ಕಡೆಗೆ ಮೆಲ್ಲಗೆ ಎಳೆಯುವುದನ್ನು ಬಾಗಿಲಿನಿಂದ ನೋಡಿದೆ. ಅವನು ನನ್ನ ಕಡೆ ತಿರುಗಿ, ಕಾಫಿ ಮಾಡು ಅಂದ. ಹೋಗು ಅಂತ ಅರ್ಥ. ಅಡಿಗೆಮನೆಯಲ್ಲಿ ಅತ್ತಿಗೆ, ಮನೆಗೆ ಬಂದವಳಿಗೆ ತಿನ್ನಲು ಏನೂ ಕೊಡದೆ ಕಳಿಸುವುದು ಹೇಗೆ ಅಂತ, ದೋಸೆಗೆ ಚಟ್ನಿ ರುಬ್ಬುತ್ತಿದ್ದರು. ಮಿಕ್ಸಿಯ ಸದ್ದಿನಲ್ಲಿ ಮುಂದಿನ ಕೋಣೆಯ ಮಾತು ಒಂದೂ ಕೇಳಲಿಲ್ಲ. ಅಥವಾ ಮಿಕ್ಸಿ ಆಗಲೇ ನಿಂತಿತ್ತು, ಅವರಿಬ್ಬರೂ ಅಷ್ಟು ಮೆಲ್ಲಗೆ ಮಾತಾಡುತ್ತಿದ್ದರು.

ನಾನು ಕಾಫಿ ತಂದಾಗ ಅವಳು ಸಾಕ್ಸ್ ಹಾಕಿಕೊಳ್ಳುತ್ತಿದ್ದಳು. ಅಣ್ಣ ಕೈ ತೊಳೆಯಲು ಹೋಗಿದ್ದ. ತೂಕ ಇಳಿಸುತ್ತಿದ್ದ ಅವಳು ದೋಸೆ ಮುಟ್ಟಲಿಲ್ಲ. ಅತ್ತಿಗೆಗೆ ಬೇಸರವಾಗಬಾರದು ಅಂತ ಕಾಫಿಯ ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ವಾಸನೆ ನೋಡಿದಳು.

“ನೋಡಿದ್ಯಾ, ದೇವರ ನೈವೇದ್ಯದ ಥರ ಮಾಡ್ತಾಳೆ,” ಅಂದರು ಅತ್ತಿಗೆ ನನಗೆ, ಕನ್ನಡದಲ್ಲಿ. “ಉಳಿದಿದ್ದು ನೀನೇ ಪ್ರಸಾದ ಅಂತ ಕುಡಿ.”

ಗೇಟಿನವರೆಗೆ ಬಿಡಲು ಹೋದೆ. ಅವಳ ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಕಾರಿನ ಬಾಗಿಲು ತೆಗೆದು, “ಮುಂದಿನ ಸೋಮವಾರ ಆರಕ್ಕೆ. ಎಡಗಾಲು,” ಅಂದಳು. ನನಗೆ ಅಷ್ಟೇ ಸಾಕಾಯಿತು. ಹೋಗಬಹುದು ಅಂತ ಅಣ್ಣ ಹೇಳಿದ್ದಾನೆ ಅಂದುಕೊಂಡು, ಒಳಗೆ ಬಂದು ಅವಳ ಪಾಲಿನ ದೋಸೆಯನ್ನೂ ತಿಂದೆ.

ಅವಳು ಆಮೇಲೆ ಆಟದ ರೀತಿಯನ್ನೇ ಬದಲಿಸಿದಳು. ಅದುವರೆಗೆ ಹಿಂದೆ ಬಚ್ಚಿಡುತ್ತಿದ್ದ ಎಡಗಾಲನ್ನು ಬೇಕೆಂದೇ ಮುಂದಿಡತೊಡಗಿದಳು. ಎದುರಿನವಳು ಅದಕ್ಕೆ ಬೀಸಲಿ ಅಂತ. ಬೀಸಿದ ಕ್ಷಣ ಕಾಲನ್ನು ಒಂದು ಗೇಣು ಎತ್ತಿಬಿಡುವುದು. ಬೀಸಿದವಳ ಕಾಲು ಬರೀ ಗಾಳಿಯನ್ನು ಗುಡಿಸಿಕೊಂಡು ಹೋಗುವಾಗ, ಅದೇ ಎಡಗಾಲಿನಿಂದ ಅವಳನ್ನು ಕೆಡವುವುದು. ಇದಕ್ಕೆ ಮೊಣಕಾಲು ತಿರುಚಬೇಕಾಗಿಲ್ಲ, ಕಣ್ಣು ಮುಂದಿರಬೇಕು ಅಷ್ಟೇ. ಪ್ರತಿದಿನ ನಾನು ಬೀಸಿ ಬೀಸಿ ಬಿದ್ದೆ. ಮೊದಲು ಹತ್ತರಲ್ಲಿ ನಾಲ್ಕೈದು ಸಲ ನನ್ನ ಅಂಗಾಲು ಅವಳಿಗೆ ತಾಗುತ್ತಿತ್ತು. ಹೊರಡುವ ವಾರ ನನಗೆ ಆ ಕಾಲು ಸಿಗಲೇ ಇಲ್ಲ.

ಹೋದಳು. ಆಯ್ಕೆಯ ಪಂದ್ಯಗಳನ್ನು ಗೆದ್ದಳು ಅಂತ ಅವಳ ಗಂಡ ಬಂದು ಹೇಳಿದ. ಅವನಿಗೆ ಮೊಣಕಾಲಿನ ವಿಷಯ ಆಗಲೂ ಗೊತ್ತಿತ್ತೋ ಇಲ್ಲವೋ ತಿಳಿಯಲಿಲ್ಲ. ಯುರೋಪಿನ ಚಾಂಪಿಯನ್‌ಶಿಪ್ ಆದ ಮಾರನೆಯ ದಿನ ಶಾಲೆಯ ಆಫೀಸಿಗೆ ಫೋನ್ ಬಂತು. ನನ್ನನ್ನು ತರಗತಿಯಿಂದ ಕರೆದರು. ಲೈನಿನಲ್ಲಿ ಒಂದೇ ಗೊರಗೊರ. ಮೊದಲನೆಯ ಪಂದ್ಯ ಸೋತೆ ಅಂದಳು. ಅವಳನ್ನು ಸೋಲಿಸಿದವಳು ಮುಂದೆ ಹೋದದ್ದರಿಂದ ಇನ್ನೊಂದು ಅವಕಾಶ ಸಿಕ್ಕಿತು; ಆಮೇಲಿನ ಎರಡು ಗೆದ್ದಳು; ಕಂಚಿನ ಪದಕದ್ದನ್ನು ಸೋತಳು. ಐದನೆಯ ಸ್ಥಾನ.

“ಎಡಗಾಲಿಗೆ ಬಂದರಾ?” ಅಂತ ಕೇಳಿದೆ.

“ಎಲ್ಲರೂ,” ಅಂದಳು. ಅಷ್ಟು ದೂರದಿಂದಲೂ ನಗು ಕೇಳಿಸಿತು. “ಎಲ್ಲರೂ ಬಂದರು.”

ಸಂಜೆ ಮನೆಯಲ್ಲಿ ಹೇಳಿದೆ. ಅತ್ತಿಗೆ, ಐದನೆಯದಕ್ಕೆ ಏನು ಕೊಡುತ್ತಾರೆ ಅಂತ ಕೇಳಿದರು. ಏನೂ ಇಲ್ಲ ಅಂದೆ. ಕಿತ್ತಳೆ ಸುಲಿಯುತ್ತಿದ್ದ ಅಣ್ಣನ ಕೈ ನಿಂತಿತು. “ನಾಲ್ಕು ಬೌಟ್ ಆಡಿದ್ಲಾ?” ಅಂದ. “ಆ ಮೊಣಕಾಲಲ್ಲಿ?” ಆಮೇಲೆ ತನ್ನಷ್ಟಕ್ಕೆ ನಕ್ಕು, ಸುಲಿದ ಹಣ್ಣನ್ನು ಪೂರ್ತಿ ನನ್ನ ತಟ್ಟೆಗೆ ಹಾಕಿದ. ನನಗೆ ಆಗ ಏನೂ ಹೊಳೆಯಲಿಲ್ಲ.

ಒಲಿಂಪಿಕ್ಸ್‌ಗೆ ಅವಳ ವಿಭಾಗದಲ್ಲಿ ಬೇರೆ ಹುಡುಗಿ ಹೋದಳು, ಚಿಕ್ಕವಳು. ನೈರೋಬಿಗೆ ವಾಪಸು ಬಂದ ಮೇಲೆ ಅವಳೇ ನನಗೆ ಇದನ್ನು ಹೇಳಿದಳು, ಮ್ಯಾಟಿನ ಮೇಲೆ ಟಾರ್ಪಾಲು ಬಿಗಿಯುತ್ತ. ಬೇಸರ ಇರಲಿಲ್ಲವೇ? ಇದ್ದಿರಬೇಕು. ನನ್ನ ನೆನಪಿನಲ್ಲಿ ಇರುವುದು ಅವಳು ಹಗ್ಗದ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದು ಗಟ್ಟಿಮಾಡಿದ್ದು. ಆ ವಾರದ ಶನಿವಾರದಿಂದ ಹುಡುಗಿಯರಿಗೆ ಅಂತ ತರಗತಿ ಶುರು ಮಾಡಿದೆವು. ಮೊದಲು ಐದಾರು ಮಂದಿ ಬಂದರು. ಮುಂದಿನ ವರ್ಷ ಮ್ಯಾಟು ಸಾಲದಾಯಿತು. ಬೀಳಲು ಕಲಿಸುವುದು ನನ್ನ ಪಾಲಿನ ಕೆಲಸ. ಪಟ್ಟುಗಳು ಅವಳದು. ಗಂಡನ ಕೆಲಸ ಮುಗಿದು ಅವರು ನೈರೋಬಿ ಬಿಡುವವರೆಗೆ, ಹೆಚ್ಚುಕಮ್ಮಿ ನಾಲ್ಕು ವರ್ಷ, ಹೀಗೇ ನಡೆಯಿತು. ಆಮೇಲೆ ತನ್ನ ಊರಿನಲ್ಲೂ ಹುಡುಗಿಯರಿಗೆ ಕಲಿಸುತ್ತಿದ್ದಾಳೆ ಅಂತ ಕೇಳಿದೆ.

ಅವಳು ಹೋದ ಮೇಲೆ ಒಂದು ಶನಿವಾರ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದ ಹುಡುಗಿಯೊಬ್ಬಳಿಗೆ ಈ ವಾರ ಆಡಬೇಡ ಅಂದೆ. ಅವಳು ತಲೆಯಾಡಿಸಿದಳು, ನಾನು ಆಚೆ ತಿರುಗಿದ ಕೂಡಲೇ ಮ್ಯಾಟಿಗೆ ಹತ್ತಿದಳು. ಅವಳ ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಆಗ ಮೊದಲ ಸಲ ನನಗೆ ಅನುಮಾನ ಬಂತು. ಅಣ್ಣ ಅಂದು ಹೋಗಬಹುದು ಅಂದಿದ್ದನೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಅಂದುಕೊಂಡದ್ದು. ಹೋಗು ಅಂದಿದ್ದರೆ, ಮೊಣಕಾಲು ತಡೆಯುತ್ತದೆ ಅಂತ ಗೊತ್ತಿದ್ದು ಅಂದನೋ, ಅವಳಿಗೆ ಬೇಕಾಗಿದ್ದ ಮಾತು ಅಂತ ಅಂದನೋ. ಬೇಡ ಅಂದಿದ್ದರೆ, ಅವಳು ಅದನ್ನು ಕೇಳಿಸಿಕೊಂಡೇ ಸೋಮವಾರ ಆರಕ್ಕೆ ಬಂದಿದ್ದಳು.

ಮನೆಗೆ ಬಂದು ಕೇಳಿದೆ. ಪೇಷೆಂಟ್ ವಿಷಯ ಮನೇಲಿ ಮಾತಾಡಲ್ಲ ಅಂದ. ಪೇಷೆಂಟ್ ಆದ್ರೆ ನಮ್ಮ ದಿವಾನದ ಮೇಲೆ ಯಾಕೆ ಕೂರಿಸ್ಕೊಂಡ್ರಿ ಅಂತ ಅತ್ತಿಗೆ ನನ್ನ ಪರ ವಹಿಸಿದರು. ಅವನು ರೇಡಿಯೋದ ಸದ್ದು ಹೆಚ್ಚು ಮಾಡಿದ. ಆಮೇಲೂ ಕೇಳಿದ್ದೇನೆ. ಅಣ್ಣ ಈಗ ಕೆಲಸ ಬಿಟ್ಟು ಆರಾಮವಾಗಿದ್ದಾನೆ. ಹೋದ ತಿಂಗಳು ಅವನ ತೋಟದಲ್ಲಿ ಇಬ್ಬರೇ ಕೂತಿದ್ದಾಗ, ಇದನ್ನು ಬರೆಯುತ್ತಿದ್ದೇನೆ, ಒಂದು ವಿವರ ಬೇಕು ಅಂದೆ. ಕೇಳು ಅಂದ. ಕೇಳಿದೆ. ಅವನು ಎದ್ದು ಹೋಗಿ ಗುಲಾಬಿಯ ಒಣಗಿದ ಕಡ್ಡಿಗಳನ್ನು ಕತ್ತರಿಸತೊಡಗಿದ.

“ಅಣ್ಣ, ಅವತ್ತು ನೀನು ಅವಳಿಗೆ ಹೋಗು ಅಂದ್ಯಾ, ಬೇಡ ಅಂದ್ಯಾ?”